ನಾಟಕವೋ, ಸಂಗೀತ ಕಚೇರಿಯೋ, ಸಿನಿಮಾವೋ, ಯಕ್ಷಗಾನವೋ? ಬೆಂಗಳೂರಿನಲ್ಲಿ ಒಂದು ಸಂಜೆಯನ್ನು ಆರಿಸಿಕೊಳ್ಳುವ ಬಗೆ

ತಿಂಗಳಿಗೆ ಒಂದೋ ಎರಡೋ ಸಂಜೆ ಹೊರಗೆ ಕಳೆಯಬೇಕು. ಇಬ್ಬರಿಗೆಂದು ಐನೂರರಿಂದ ಎರಡು ಸಾವಿರ ರೂಪಾಯಿ ತೆಗೆದಿಟ್ಟಿದೆ. ನೋಡಿದ್ದೂ ಚೆನ್ನಾಗಿರಬೇಕು, ತಿಂದದ್ದೂ ಚೆನ್ನಾಗಿರಬೇಕು. ಬೆಂಗಳೂರಿನಲ್ಲಿ ಇದಕ್ಕೆ ದಾರಿಗಳು ಬೇಕಾದಷ್ಟಿವೆ, ತೊಡಕು ಶುರುವಾಗುವುದೂ ಅಲ್ಲೇ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಫೋನ್ ಹಿಡಿದು ಕೂತು ಐದೂವರೆಗೂ ತೀರ್ಮಾನವಾಗದೆ, ಕೊನೆಗೆ ಹತ್ತಿರದ ಮಾಲ್‌ಗೆ ಹೋಗಿ ಯಾವುದೋ ಸಿನಿಮಾ ನೋಡಿ, ರಾತ್ರಿ ಹತ್ತೂವರೆಗೆ ಆರಿದ ಊಟ ಮಾಡಿ ಬರುವವರು ಬಹಳ ಮಂದಿ. ನಾಟಕ, ಸಂಗೀತ ಕಚೇರಿ, ಸಿನಿಮಾ, ಯಕ್ಷಗಾನ, ಜೊತೆಗೆ ಕೈಯಾರೆ ಮಾಡುವ ಕುಂಬಾರಿಕೆ ತರಗತಿ, ಈ ಐದನ್ನು ಊಟ ತಿಂಡಿಯ ಸಮೇತ ಇಲ್ಲಿ ತೂಗಿದ್ದೇವೆ.

ಮೊದಲು ಏನನ್ನು ಅಳೆಯಬೇಕು

ಎಲ್ಲಕ್ಕಿಂತ ಮೊದಲು ಹೊಟ್ಟೆಯ ಹೊತ್ತು. ಕಾರ್ಯಕ್ರಮ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ಹತ್ತಿರದಲ್ಲಿ ಯಾವ ಅಡುಗೆಮನೆ ಇನ್ನೂ ಬಿಸಿಯಾಗಿರುತ್ತದೆ ಎಂಬುದು ತಿಳಿಯದೆ ಟಿಕೆಟ್ ತೆಗೆಯಬೇಡಿ. ಹಳೆಯ ತಿಂಡಿ ಹೋಟೆಲುಗಳಲ್ಲಿ ಬಹುಪಾಲು ರಾತ್ರಿ ಎಂಟು ಒಂಬತ್ತರೊಳಗೆ ಒಲೆ ಆರಿಸುತ್ತವೆ. ನಾಟಕ ಬಿಡುವುದು ಒಂಬತ್ತೂಕಾಲಿಗೆ. ಹಾಳಾಗುವ ಸಂಜೆಗಳಲ್ಲಿ ಹೆಚ್ಚಿನವು ಹಾಳಾಗುವುದು ಈ ಸಂದಿನಲ್ಲೇ.

ಎರಡನೆಯದು ಏರಿಳಿತ. ಒಳ್ಳೆಯ ದಿನ ಎಷ್ಟು ಎತ್ತರಕ್ಕೆ ಹೋಗುತ್ತದೆ, ಕೆಟ್ಟ ದಿನ ಎಷ್ಟು ಕೆಳಗಿಳಿಯುತ್ತದೆ? ಕೆಟ್ಟರೆ ನಡುವೆ ಎದ್ದು ಬರಲು ಆಗುತ್ತದೆಯೇ? ಸಿನಿಮಾದಿಂದ ಎದ್ದು ಬರಬಹುದು. ಮುನ್ನೂರು ಜನರ ಚಿಕ್ಕ ರಂಗಮಂದಿರದಲ್ಲಿ ನಟರ ಕಣ್ಣೆದುರು ಎದ್ದು ನಡೆಯುವುದು ಕಷ್ಟ, ಅವರಿಗೆ ಮಾಡುವ ನೋವೂ ಹೌದು.

ಇನ್ನು ಜೊತೆಗೆ ಬರುವವರು ಯಾರು ಎಂಬುದು. ಮಂಡಿನೋವಿನ ಅತ್ತೆ, ಆರು ವರ್ಷದ ಮಗು, ಕನ್ನಡ ಅಷ್ಟಾಗಿ ಬಾರದ ಗೆಳೆಯ, ಒಬ್ಬೊಬ್ಬರಿಗೂ ಉತ್ತರ ಬೇರೆ. ಖರ್ಚನ್ನು ಲೆಕ್ಕ ಹಾಕುವಾಗ ಟಿಕೆಟ್ ಮಾತ್ರ ನೋಡಬೇಡಿ, ಮನೆಗೆ ಮರಳುವ ಆಟೊವನ್ನೂ ಸೇರಿಸಿ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು. ಎಂಟು ಕಿಲೋಮೀಟರಿಗೆ ಹತ್ತು ಗಂಟೆಯ ಒಳಗೆ 144 ಆಗುವುದು ಹತ್ತು ದಾಟಿದರೆ 216 ಆಗುತ್ತದೆ. ಕೊನೆಯದಾಗಿ, ಇವತ್ತು ತಪ್ಪಿದರೆ ಅದು ಮತ್ತೆ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಎರಡರ ನಡುವೆ ತೂಗುಯ್ಯಾಲೆಯಾದಾಗ ತೀರ್ಮಾನ ಕೊಡಬೇಕಾದ ಪ್ರಶ್ನೆ ಇದೇ.

ನಾಟಕ

ಐದರಲ್ಲಿ ಅತಿ ಹೆಚ್ಚು ಏರಿಳಿತ ಇರುವುದು ಇಲ್ಲಿ. ಒಳ್ಳೆಯ ನಾಟಕ ಕೊಡುವುದನ್ನು ಬೇರೆ ಯಾವುದೂ ಕೊಡಲಾರದು, ಕೆಟ್ಟದ್ದರ ತೊಂಬತ್ತು ನಿಮಿಷ ಮೂರು ಗಂಟೆಯಂತೆ ಎಳೆಯುತ್ತದೆ. ಹಾಗಾಗಿ ಆರಿಸುವಾಗ ಒಂದಿಷ್ಟು ಶ್ರಮ ಹಾಕಬೇಕು.

ಮೊದಲು ನೋಡಬೇಕಾದ್ದು ಇದು ಎಷ್ಟನೆಯ ಪ್ರಯೋಗ ಎಂಬುದನ್ನು. ಹೊಸ ನಾಟಕದ ಮೊದಲ ಪ್ರಯೋಗದಲ್ಲಿ ಬೆಳಕಿನ ಸೂಚನೆ ಒಂದು ಉಸಿರು ತಡವಾಗುತ್ತದೆ, ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಕತ್ತಲು ಉದ್ದವಾಗುತ್ತದೆ, ಪ್ರೇಕ್ಷಕರು ಎಲ್ಲಿ ನಗುತ್ತಾರೆಂಬುದು ನಟರಿಗೆ ಇನ್ನೂ ಗೊತ್ತಿರದ ಕಾರಣ ಮುಂದಿನ ಮಾತು ನಗೆಯಲ್ಲಿ ಮುಳುಗುತ್ತದೆ. ನಾಲ್ಕೈದು ಪ್ರಯೋಗ ಕಳೆದ ಮೇಲೆ ಇವು ಸರಿಹೋಗುತ್ತವೆ. ತಂಡದವರು ಗೆಳೆಯರಲ್ಲದಿದ್ದರೆ ಮೊದಲ ಪ್ರಯೋಗ ಬಿಟ್ಟು ಮುಂದಿನದಕ್ಕೆ ಕಾಯಿರಿ. ಹೆಗ್ಗೋಡಿನ ನೀನಾಸಂ ತಿರುಗಾಟ, ಮೈಸೂರಿನ ರಂಗಾಯಣದಂಥ ರೆಪರ್ಟರಿಗಳ, ಅಂದರೆ ಕಾಯಂ ಕಲಾವಿದರ ತಂಡಗಳ, ನಾಟಕ ಬಂದರೆ ಈ ಚಿಂತೆ ಕಡಿಮೆ. ಊರೂರು ಸುತ್ತಿ, ಬೇರೆ ಬೇರೆ ರಂಗಸ್ಥಳಕ್ಕೆ ಒಗ್ಗಿ, ಹದವಾಗಿ ಬಂದಿರುತ್ತವೆ. ಪ್ರಯೋಗದ ಗುಣ ಹೆಚ್ಚು ಕಡಿಮೆಯಾದರೂ ತೀರಾ ನೆಲಕ್ಕಿಳಿಯುವುದು ಅಪರೂಪ.

ಎರಡನೆಯದು ಜಾಗ. ಜೆ.ಪಿ. ನಗರ 2ನೇ ಹಂತದ ರಂಗಶಂಕರ, ಶಂಕರ್ ನಾಗ್ ನೆನಪಿನಲ್ಲಿ ಕಟ್ಟಿ 2004ರಲ್ಲಿ ತೆರೆದದ್ದು, ನಾಟಕಕ್ಕೆಂದೇ ಇರುವ ಮನೆ. ರಂಗ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಜನ ಮೂರು ಬದಿಗೂ ಕೂರುತ್ತಾರೆ. ಪಿಸುಮಾತೂ ಹಿಂದಿನ ಸಾಲಿಗೆ ತಲುಪುತ್ತದೆ. ಆದರೆ ಪಕ್ಕದ ಆಸನಗಳಲ್ಲಿ ಕೂತರೆ ಎಷ್ಟೋ ದೃಶ್ಯಗಳಲ್ಲಿ ನಟರ ಒಂದು ಕೆನ್ನೆ ಮಾತ್ರ ಕಾಣುತ್ತದೆ. ನಡುವಿನ ಭಾಗದ ನಾಲ್ಕರಿಂದ ಎಂಟನೆಯ ಸಾಲು ಸಿಕ್ಕರೆ ಬಿಡಬೇಡಿ. ಅದಕ್ಕೆ ಏಳಕ್ಕೇ ಸಾಲಿನಲ್ಲಿ ನಿಲ್ಲಬೇಕು. ವಾರದ ದಿನಗಳಲ್ಲಿ ಸಂಜೆ 7.30ಕ್ಕೆ, ವಾರಾಂತ್ಯದಲ್ಲಿ ಮಧ್ಯಾಹ್ನ 3.30ಕ್ಕೂ ಆಟವಿರುತ್ತದೆ, ಸೋಮವಾರ ರಜೆ. ಬಾಗಿಲು ಹಾಕಿದ ಮೇಲೆ ಯಾರಿಗೂ ಪ್ರವೇಶವಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಇಲ್ಲ. ಇದನ್ನು ಬಿಗಿ ಎನ್ನುವವರಿದ್ದಾರೆ. ಒಳಗೆ ಕೂತವರ ಪಾಲಿಗೆ ಇದು ದೊಡ್ಡ ಉಪಕಾರ. ಹಳದಿ ಮೆಟ್ರೊ ಮಾರ್ಗದ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಸಿಲ್ಕ್ ಬೋರ್ಡ್ ಕಡೆಯ ಶುಕ್ರವಾರದ ವಾಹನ ಜಾತ್ರೆಯಿಂದ ಪಾರಾಗುತ್ತೀರಿ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ದೊಡ್ಡದು. ಹೆಚ್ಚು ಜನರಿರುವ, ಹಾಡು ಕುಣಿತ ತುಂಬಿದ ನಾಟಕಕ್ಕೆ ಸರಿ, ಇಬ್ಬರು ನಟರು ಮೇಜಿನೆದುರು ಕೂತು ಮಾತಾಡುವ ನಾಟಕಕ್ಕೆ ಅಷ್ಟಾಗಿ ಒಗ್ಗದು. ಅಂಥದ್ದನ್ನು ಅಲ್ಲಿ ನೋಡುವುದಾದರೆ ಮೊದಲ ಹತ್ತು ಸಾಲಿನೊಳಗೆ ಕೂರಿ. ಹನುಮಂತನಗರದ ಕೆ.ಎಚ್. ಕಲಾಸೌಧ ಚಿಕ್ಕ ಚೊಕ್ಕ ಜಾಗ, ಹೊಸ ತಂಡಗಳನ್ನು ಪರಿಚಯ ಮಾಡಿಕೊಳ್ಳಲು ತಕ್ಕದ್ದು.

ಊಟದ ಲೆಕ್ಕ ಹೀಗೆ: 7.30ರ ನಾಟಕಕ್ಕೆ ಹೋಗುವವರು ಆರರಿಂದ ಏಳರ ನಡುವೆ ತಿಂಡಿ ಮುಗಿಸಬೇಕು. ರಂಗಶಂಕರದ ಆವರಣದ ಕೆಫೆಯಲ್ಲೇ ತಿಂದರೆ ಆತಂಕವಿಲ್ಲ, ಅಲ್ಲಿನ ಸಬ್ಬಕ್ಕಿ ವಡೆಗೆ ಹಳೆಯ ಹೆಸರು. ಕಲಾಸೌಧಕ್ಕೆ ಹೋಗುವವರು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಐದೂಕಾಲಿಗೇ ತಲುಪಬೇಕು. 1943ರ ಈ ಹೋಟೆಲಿನಲ್ಲಿ ಶನಿವಾರ ಸಂಜೆ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾಯುವುದು ಸಾಮಾನ್ಯ, ಶುಕ್ರವಾರ ಬಾಗಿಲು. ಟಿಕೆಟ್ ಕನ್ನಡ ನಾಟಕಗಳಿಗೆ ಸಾಮಾನ್ಯವಾಗಿ 150ರಿಂದ 300ರ ಆಸುಪಾಸು. ಇಬ್ಬರ ಟಿಕೆಟ್ಟು, ತಿಂಡಿ, ಹೋಗಿಬರುವ ದಾರಿ ಎಲ್ಲ ಸೇರಿ ಸಾವಿರದ ಒಳಗೆ ಮುಗಿಸಬಹುದು. ಹೊರಡುವ ಮುನ್ನ ಶೌಚಾಲಯದ ವಿಚಾರವನ್ನೂ ನೆನಪಿಡಿ, ತೊಂಬತ್ತು ನಿಮಿಷದ ನಾಟಕಗಳಿಗೆ ವಿರಾಮ ಇರುವುದಿಲ್ಲ.

ಸಂಗೀತ ಕಚೇರಿ

ಕಡಿಮೆ ಖರ್ಚಿನಲ್ಲಿ ದೊಡ್ಡ ಸಂಜೆ ಬೇಕಾದವರು ಮೊದಲು ನೋಡಬೇಕಾದ್ದು ಇದು. ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಎಷ್ಟೋ ಸಂಜೆಗಳಲ್ಲಿ ಉಚಿತವಾಗಿ ಕೂತು ಕೇಳಬಹುದು. ಬಡಾವಣೆ ಬಡಾವಣೆಯ ದೇವಸ್ಥಾನ, ರಾಮಮಂದಿರಗಳಲ್ಲೂ ಅಷ್ಟೇ. ಯುಗಾದಿ ಕಳೆದ ಮೇಲೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ವಾರಗಟ್ಟಲೆ ನಡೆಯುತ್ತವೆ. ಆ ತಿಂಗಳು ಬೇರೆ ಯಾವುದನ್ನೂ ಯೋಚಿಸಬೇಕಾಗಿಲ್ಲ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ, ಕೆ.ಆರ್. ರಸ್ತೆಯ ಗಾಯನ ಸಮಾಜ ಇವೆರಡೂ ಕಚೇರಿಗೆ ಒಗ್ಗಿದ ಸಭಾಂಗಣಗಳು.

ಕಚೇರಿಯ ಏರು ನಿಧಾನವಾಗಿ ಬರುತ್ತದೆ. ಎರಡೂವರೆ ಮೂರು ಗಂಟೆಯಲ್ಲಿ ಮೊದಲರ್ಧ ಗಂಟೆ ವರ್ಣ, ಒಂದೆರಡು ಚಿಕ್ಕ ಕೃತಿ. ಕಂಠ ಕಾಯುವ, ಶ್ರುತಿ ಕೂಡಿಸುವ ಹೊತ್ತು. ಮುಖ್ಯ ರಾಗದ ಆಲಾಪನೆ ಹೆಚ್ಚಾಗಿ ಒಂದು ಗಂಟೆ ದಾಟಿದ ಮೇಲೆ. ಅದರ ಬೆನ್ನಿಗೆ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರಪ್ರಸ್ತಾರ (ಸರಿಗಮಗಳನ್ನೇ ಹೆಣೆದು ಹಾಡುವುದು), ತನಿ ಆವರ್ತನ (ತಾಳವಾದ್ಯದವರ ಸ್ವತಂತ್ರ ವಾದನ). ಹಾಗಾಗಿ ಹೊಸಬರು ಅರ್ಧ ಗಂಟೆ ತಡವಾಗಿ ಬಂದರೂ ದೊಡ್ಡ ನಷ್ಟವಿಲ್ಲ, ಒಂದು ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಒಳಗೆ ಹೋದರಾಯಿತು. ಎದ್ದು ಹೋಗುವುದೂ ಆಗಲೇ. ಮೃದಂಗದವರ ತನಿ ಶುರುವಾಗುತ್ತಿದ್ದಂತೆ ಕಾಫಿಗೆ ಏಳುವ ಅಭ್ಯಾಸ ಮಾತ್ರ ಬೇಡ. ಇಡೀ ಸಂಜೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟವರು ಸ್ವಂತವಾಗಿ ಮಾತಾಡುವ ಹದಿನೈದು ನಿಮಿಷ ಅದು. ರಾಗ ಗೊತ್ತಿಲ್ಲದವರನ್ನು ಕರೆದುಕೊಂಡು ಹೋಗುವುದಾದರೆ ರಾಗ ತಾನ ಪಲ್ಲವಿ (ಮಾತು ಕಡಿಮೆ, ಮನೋಧರ್ಮದ ವಿಸ್ತಾರವೇ ಹೆಚ್ಚಿರುವ ಭಾಗ) ಎಂದು ಮೊದಲೇ ಪ್ರಕಟಿಸಿದ ಕಚೇರಿಯಿಂದ ಶುರುಮಾಡಬೇಡಿ. ದಾಸರ ಪದಗಳು ಹೆಚ್ಚಿರುವ ಸಂಜೆ ಆರಿಸಿ, ಸಾಹಿತ್ಯ ಕೈಹಿಡಿದು ನಡೆಸುತ್ತದೆ.

ಇಲ್ಲಿ ಎಡವುವುದು ಹೊಟ್ಟೆಯ ಕಡೆಯಿಂದ. ಕಚೇರಿ ಆರು, ಆರೂಕಾಲಿಗೆ ಶುರು, ಮುಗಿಯುವಾಗ ಒಂಬತ್ತು. ಅನ್ನ ಸಾರಿನ ಪೂರ್ತಿ ಊಟ ಉಂಡು ಬಂದು ಕೂತರೆ ಆಲಾಪನೆಗೆ ತಲೆ ಓಲಾಡುತ್ತದೆ, ತಾಳಕ್ಕೆಂದು ಪಕ್ಕದವರು ಅಂದುಕೊಂಡರೂ ಅದು ನಿದ್ದೆ. ಐದಕ್ಕೆ ಎರಡು ಇಡ್ಲಿ, ಒಂದು ಖಾರಾಬಾತ್, ಕಾಫಿ; ಒಂಬತ್ತಕ್ಕೆ ಊಟ. ಚೌಡಯ್ಯಕ್ಕೆ ಹೋಗುವವರಿಗೆ ಮಲ್ಲೇಶ್ವರದ ವೀಣಾ ಸ್ಟೋರ್ಸ್ ಇಡ್ಲಿ ದಾರಿಯಲ್ಲೇ ಸಿಗುತ್ತದೆ, ಅಲ್ಲಿಂದ ಸಭಾಂಗಣಕ್ಕೆ ಆಟೊದಲ್ಲಿ ಹತ್ತು ನಿಮಿಷ. ಗಾಯನ ಸಮಾಜದಿಂದ ಹೊರಬಂದವರಿಗೆ ವಿ.ವಿ. ಪುರಂ ತಿಂಡಿ ಬೀದಿ ಹತ್ತಿರ, ಆಗಿನ್ನೂ ಅದು ಭರ್ತಿ ಹೊತ್ತು. ಕಚೇರಿಯೂ ಊಟವೂ ಹೊತ್ತಿಗೆ ಸರಿಯಾಗಿ ಕೂಡಿಬರುವ ಜೋಡಿಗಳಲ್ಲಿ ಇದು ಮೊದಲನೆಯದು.

ಸಿನಿಮಾ

ಇಲ್ಲಿ ಏರೂ ಕಡಿಮೆ, ಇಳಿವೂ ಕಡಿಮೆ. ಆಸನ ಮೆತ್ತಗಿರುತ್ತದೆ, ಎಲ್ಲಿ ಕೂರುತ್ತೀರೆಂದು ಮೊದಲೇ ಗೊತ್ತಿರುತ್ತದೆ, ಮಗು ಅತ್ತರೆ ಹೊರಗೆ ಹೋಗಬಹುದು. ಖರ್ಚು ಮಾತ್ರ ಹಿಡಿತಕ್ಕೆ ಸಿಗದು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗೆ ಟಿಕೆಟ್ ದರ ಕಟ್ಟಿಹಾಕಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ವಾರಾಂತ್ಯದ ಮಲ್ಟಿಪ್ಲೆಕ್ಸಿನಲ್ಲಿ ಇಬ್ಬರ ಟಿಕೆಟ್ಟಿನ ಮೇಲೆ ಬುಕಿಂಗ್ ಶುಲ್ಕ, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿದರೆ ಸಾವಿರ ದಾಟಲು ಹೊತ್ತು ಬೇಕಿಲ್ಲ. ಹೊರಗಿನ ತಿನಿಸನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆದರೆ ಕುಡಿಯುವ ನೀರನ್ನು ಅವರು ಉಚಿತವಾಗಿ ಕೊಡಲೇಬೇಕು, ಎಳೆಯ ಮಕ್ಕಳ ಆಹಾರಕ್ಕೆ ತಡೆಯಿಲ್ಲ. ನೀರಿನ ಬಾಟಲಿ ಕೊಳ್ಳುವ ಮುನ್ನ ಕುಡಿಯುವ ನೀರು ಎಲ್ಲಿದೆ ಎಂದು ಕೇಳಿ.

ಕನ್ನಡದ ಚಿಕ್ಕ ಚಿತ್ರ ನೋಡುವ ಮನಸ್ಸಿದ್ದರೆ ಮೊದಲ ವಾರದಲ್ಲೇ ಹೋಗಿ. ಎರಡನೆಯ ಶುಕ್ರವಾರ ಬರುವ ಹೊತ್ತಿಗೆ ಆಟಗಳು ಬೆಳಗಿನ ಹತ್ತಕ್ಕೋ ರಾತ್ರಿ ಹತ್ತೂವರೆಗೋ ತಳ್ಳಲ್ಪಟ್ಟಿರುತ್ತವೆ. ದೊಡ್ಡ ಚಿತ್ರಕ್ಕೆ ಅವಸರವಿಲ್ಲ, ಎರಡನೆಯ ವಾರದ ಮಂಗಳವಾರ ಅಗ್ಗವೂ ಹೌದು, ನೆಮ್ಮದಿಯೂ ಹೌದು. ಆರೂವರೆಯ ಆಟ ಜಾಹೀರಾತು, ವಿರಾಮ ಸೇರಿ ಒಂಬತ್ತೂವರೆಗೆ ಬಿಡುತ್ತದೆ. ಆಗ ಮಾಲ್‌ನ ಹೊರಗೆ ಬಂದು ಉಣ್ಣುವುದೇ ಲೇಸು.

ಯಕ್ಷಗಾನ

ಕರಾವಳಿಯಲ್ಲಿ ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ (ಮೇಳಗಳು ಗೆಜ್ಜೆ ಬಿಚ್ಚುವ ದಿನ). ಮಳೆಗಾಲದಲ್ಲಿ ಅಲ್ಲಿನ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ಆದ್ದರಿಂದ ಇಲ್ಲಿರುವವರಿಗೆ ಆಗಸ್ಟಿನಿಂದ ಅಕ್ಟೋಬರ್ ಹಬ್ಬದ ಕಾಲ. ಆರಿಸಬೇಕಾದ್ದು ಎರಡರ ನಡುವೆ: ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆ ಹತ್ತಕ್ಕೆ ಮಂಗಳ ಹಾಡುವ ಕಾಲಮಿತಿ ಆಟ, ಇಲ್ಲವೇ ರಾತ್ರಿ ಹತ್ತರಿಂದ ಬೆಳಗಿನ ತನಕ ಕಲಾಕ್ಷೇತ್ರದಲ್ಲಿ ನಡೆಯುವ ಇಡೀ ರಾತ್ರಿಯ ಆಟ.

ಕಾಲಮಿತಿಯಲ್ಲಿ ಕಥೆ ಬಿಗಿಯಾಗುತ್ತದೆ, ಪ್ರಸಂಗದ ಪದ್ಯಗಳಿಗೆ ಕತ್ತರಿ ಬೀಳುತ್ತದೆ, ಅರ್ಥಗಾರಿಕೆ (ಪಾತ್ರಧಾರಿಗಳ ಮಾತುಗಾರಿಕೆ) ಮೊಟಕಾಗುತ್ತದೆ. ಮೊದಲ ಸಲ ಬರುವವರಿಗೂ ಮಕ್ಕಳಿಗೂ ಇದೇ ಸರಿ. ಇಡೀ ರಾತ್ರಿಯ ಆಟದ ಶಿಖರ ನಡುರಾತ್ರಿ ಕಳೆದ ಮೇಲೆ. ಮೊದಲು ಕಿರಿಯರ ವೇಷಗಳು, ಹೆಸರಾಂತರ ಪ್ರವೇಶ ಒಂದು ಎರಡು ಗಂಟೆಗೆ. ಎರಡೂವರೆಯ ಜಾವದಲ್ಲಿ ಚಂಡೆ ಏರಿ ಭಾಗವತರು ಮೇಲಿನ ಶ್ರುತಿಗೆ ಹೋದಾಗ ಸಿಗುವ ಸುಖಕ್ಕೆ ಕಾಲಮಿತಿಯಲ್ಲಿ ಬದಲಿಯಿಲ್ಲ. ಆದರೆ ಹನ್ನೆರಡಕ್ಕೆ ತೂಕಡಿಸುವವರಿಗೆ ಆ ಟಿಕೆಟ್ ದಂಡ. ಆ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿ ಹೋಗುವುದು ಹಳಬರ ಕ್ರಮ. ಧ್ವನಿವರ್ಧಕದ ಎದುರಿನ ಸಾಲು ಬಿಟ್ಟು ಎಂಟು ಹತ್ತನೆಯ ಸಾಲಿನ ನಡುವೆ ಕೂತರೆ ಚಂಡೆಯ ಪೆಟ್ಟೂ ಮದ್ದಲೆಯ ನುಡಿಯೂ ಬೇರೆಬೇರೆಯಾಗಿ ಕೇಳುತ್ತವೆ. ಯಕ್ಷಗಾನದ ಎರಡು ಶೈಲಿಗಳಲ್ಲಿ, ಕೆಳದನಿಯ ಅಭಿನಯ, ನಾಟ್ಯ ಇಷ್ಟವಿರುವವರಿಗೆ ಬಡಗು (ಉತ್ತರದ ಶೈಲಿ) ಬೇಗ ಹತ್ತಿರವಾಗುತ್ತದೆ. ಅಬ್ಬರ, ಬಣ್ಣದ ವೇಷ, ದಿಗಿಣ (ಹಾರಿ ಸುತ್ತುವ ಕುಣಿತ) ಬೇಕಾದವರಿಗೆ ತೆಂಕು (ದಕ್ಷಿಣದ ಶೈಲಿ).

ಶನಿವಾರ ರಾತ್ರಿಯ ಆಟಕ್ಕೆ ಹೋಗುವವರು ಒಂದು ಸಂಗತಿ ತಿಳಿದಿರಲಿ: ಭಾನುವಾರ ಮೆಟ್ರೊ ಶುರುವಾಗುವುದು ಬೆಳಗ್ಗೆ ಏಳಕ್ಕೆ. ಆಟ ಬಿಟ್ಟ ಮೇಲೆ ಒಂದು ಗಂಟೆ ಎಲ್ಲಿ ನಿಲ್ಲುವುದು? ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನಡೆದು ಹೋಗುವಷ್ಟು ಹತ್ತಿರ, ಬೆಳಗ್ಗೆ ಆರೂವರೆಗೆ ತೆರೆಯುತ್ತದೆ. ಎರಡನೆಯ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಹುಟ್ಟಿದ ಅಲ್ಲಿನ ರವೆ ಇಡ್ಲಿ ರಾತ್ರಿಯ ದಣಿವಿಗೆ ಒಳ್ಳೆಯ ಉಪಚಾರ. ಸೋಮವಾರ ಅದಕ್ಕೆ ರಜೆ, ಆದ್ದರಿಂದ ಭಾನುವಾರ ರಾತ್ರಿಯ ಆಟಕ್ಕೆ ಈ ಉಪಾಯ ನಡೆಯದು.

ಕೈಯಾರೆ ಮಾಡುವುದು

ನೋಡಿ ಕೇಳಿ ಸಾಕಾದವರಿಗೆ ತಿರುಗುಚಕ್ರದ ಮೇಲೆ ಮಣ್ಣು ತಿದ್ದುವ ಎರಡು ಮೂರು ಗಂಟೆಯ ತರಗತಿಗಳಿವೆ. ತಲೆಗೆ ಸಾವಿರ ಮೇಲ್ಪಟ್ಟು. ಹೋಗುವ ಮುನ್ನ ಉಗುರು ಕತ್ತರಿಸಿಕೊಳ್ಳಿ, ಉದ್ದ ತೋಳಿನ ಬಟ್ಟೆ ಬೇಡ. ಮೊದಲ ಅರ್ಧ ಗಂಟೆ ಬರೀ ಮಣ್ಣನ್ನು ಚಕ್ರದ ನಡುವಿಗೆ ತರುವುದರಲ್ಲೇ ಕಳೆಯುತ್ತದೆ. ನಡುವಿಗೆ ಬಾರದ ಮುದ್ದೆಯ ಮೇಲೆ ಗೋಡೆ ಎಬ್ಬಿಸಿದರೆ ಒಂದು ಬದಿ ತೆಳುವಾಗಿ ಕುಸಿಯುತ್ತದೆ, ನೀರು ಹೆಚ್ಚಾದರೂ ಅದೇ ಗತಿ. ಮಾಡಿದ ಬಟ್ಟಲು ಅವತ್ತೇ ಮನೆಗೆ ಬರುವುದಿಲ್ಲ. ವಾರವಿಡೀ ನೆರಳಲ್ಲಿ ಒಣಗಬೇಕು, ತೇವ ಉಳಿದಿದ್ದರೆ ಸುಡುವ ಗೂಡಿನಲ್ಲಿ ಆವಿ ಹುಟ್ಟಿ ಒಡೆಯುತ್ತದೆ. ಒಮ್ಮೆ ಸುಟ್ಟು, ಗ್ಲೇಜ್ (ಹೊಳಪಿನ ಲೇಪ) ಹಚ್ಚಿ ಮತ್ತೊಮ್ಮೆ ಸುಡಬೇಕು. ಮೂರು ನಾಲ್ಕು ವಾರ ಹಿಡಿಯುತ್ತದೆ. ಎರಡು ಸುಡುವಿಕೆಯ ಖರ್ಚೂ ಶುಲ್ಕದಲ್ಲಿ ಸೇರಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು. ಉಡುಗೊರೆಗೆಂದು ಮಾಡುವವರು ತಿಂಗಳ ಮುಂಚೆ ಹೋಗಲಿ.

ಊಟದ ಆಯ್ಕೆ

ನಿಂತು ತಿನ್ನುವ ದರ್ಶಿನಿಯಲ್ಲಿ ಇಬ್ಬರಿಗೆ 250ರೊಳಗೆ ಮುಗಿಯುತ್ತದೆ, ಹದಿನೈದು ನಿಮಿಷ ಸಾಕು. ಕಾರ್ಯಕ್ರಮಕ್ಕೆ ಮುನ್ನ ಇದಕ್ಕಿಂತ ತಕ್ಕದ್ದಿಲ್ಲ. ರಾತ್ರಿ ಒಂಬತ್ತರ ಮೇಲೆ ಅದೇ ದರ್ಶಿನಿ ಬೇರೆ: ಇಡ್ಲಿ ಬೆಳಗಿನದು, ದೋಸೆ ಹಿಟ್ಟು ಹುಳಿಯೇರಿರುತ್ತದೆ, ಕಾವಲಿಯ ಉರಿ ತಗ್ಗಿಸಿರುವುದರಿಂದ ದೋಸೆ ಬೆಳ್ಳಗೆ ದಪ್ಪಗೆ ಏಳುತ್ತದೆ. ಆ ಹೊತ್ತಿಗೆ ಆಗಷ್ಟೇ ಒಗ್ಗರಣೆ ಬೀಳುವಂಥದ್ದನ್ನು ಕೇಳಿ, ಇಲ್ಲವೇ ಕೂತು ಉಣ್ಣುವ ಹೋಟೆಲಿಗೆ ಹೋಗಿ. ಮಸಾಲೆ ದೋಸೆಯನ್ನು ಪಾರ್ಸೆಲ್ ತರಬೇಡಿ. ಪೊಟ್ಟಣದೊಳಗೆ ಹಬೆ ಕಟ್ಟಿ ಹತ್ತೇ ನಿಮಿಷದಲ್ಲಿ ಗರಿ ಹೋಗುತ್ತದೆ. ಪಾರ್ಸೆಲ್ಲಿಗೆ ಸೆಟ್ ದೋಸೆ ಒಗ್ಗುತ್ತದೆ.

ತಿಂಡಿ ಬೀದಿ ನಾಲ್ಕೈದು ಜನರ ಗುಂಪಿಗೆ ಒಳ್ಳೆಯದು. ಒಂದೊಂದನ್ನೇ ತಂದು ಹಂಚಿಕೊಂಡರೆ ಹತ್ತು ಬಗೆ ಸವಿಯಬಹುದು. ಕೂರಲು ಜಾಗವಿಲ್ಲ, ಹಿರಿಯರಿಗೆ ಕಷ್ಟ. ಮಿಲಿಟರಿ ಹೋಟೆಲಿನ ಮುದ್ದೆ, ಮಟನ್ ಸಾರು, ದೊನ್ನೆ ಬಿರಿಯಾನಿ ಮಧ್ಯಾಹ್ನದ ಸರಕು. ಸಂಜೆಯ ಹೊತ್ತಿಗೆ ಒಳ್ಳೆಯ ಕಡೆಗಳಲ್ಲಿ ಪಾತ್ರೆ ತಳ ಕಂಡಿರುತ್ತದೆ. ಅದನ್ನು 3.30ರ ನಾಟಕಕ್ಕೆ ಜೋಡಿಸಿ: ಒಂದಕ್ಕೆ ಊಟ, ಮೂರಕ್ಕೆ ರಂಗಮಂದಿರ. ಭಾರದ ಊಟವಾದ್ದರಿಂದ ನಡುವೆ ಅರ್ಧ ಗಂಟೆ ನಡೆದಾಡಿ.

ಕೂತು ಉಣ್ಣುವ ಹೋಟೆಲುಗಳ ಬಿಲ್ ಓದಿ ಹಣ ಕೊಡಿ. 5 ಶೇಕಡಾ ಜಿಎಸ್‌ಟಿ ಕೊಡಲೇಬೇಕಾದ್ದು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆತ್ತಗೆ ಹೇಳಿದರೆ ಸಾಕು. ಬಡಿಸಿದವರಿಗೆ ಕೊಡಬೇಕೆನಿಸಿದ್ದನ್ನು ಕೈಗೇ ಕೊಡಿ.

ಯಾರಿಗೆ ಯಾವುದು

ಇಬ್ಬರಿಗೆ ಐನೂರೇ ಇದ್ದರೆ ಯೋಚಿಸಬೇಡಿ: ಉಚಿತ ಕಚೇರಿ, ಮೊದಲು ದರ್ಶಿನಿ, ಹೋಗಿಬರಲು ಮೆಟ್ರೊ. ಸಾವಿರವಿದ್ದು ಮನಸ್ಸು ಸ್ವಲ್ಪ ಅಪಾಯಕ್ಕೆ ಸಿದ್ಧವಿದ್ದರೆ ನಾಟಕ. ಅದೇ ಸಾವಿರದಲ್ಲಿ ಬೇಸರ ಮಾತ್ರ ಆಗಕೂಡದು ಎನ್ನುವವರು ವಾರದ ನಡುವೆ ಸಿನಿಮಾಕ್ಕೆ ಹೋಗಲಿ. ಅತ್ತೆ ಮಾವಂದಿರು ಜೊತೆಗಿದ್ದರೆ ಮೆಟ್ಟಿಲು ಕಡಿಮೆಯಿರುವ ಸಾಲು, ಒಂಬತ್ತಕ್ಕೆ ಮುಗಿಯುವ ಕಚೇರಿ, ಕೂತು ಉಣ್ಣುವ ಹೋಟೆಲು. ಕನ್ನಡ ಬಾರದ ಗೆಳೆಯರಿಗೆ ಮಾತು ಹೆಚ್ಚಿರುವ ನಾಟಕಕ್ಕಿಂತ ಯಕ್ಷಗಾನ ಬೇಗ ತಲುಪುತ್ತದೆ, ಹೋಗುವ ದಾರಿಯಲ್ಲಿ ಪ್ರಸಂಗದ ಕಥೆಯನ್ನು ಐದು ನಿಮಿಷದಲ್ಲಿ ಹೇಳಿಬಿಡಿ. ಆರೇಳು ವರ್ಷದ ಮಕ್ಕಳಿಗೆ ಕಾಲಮಿತಿ ಆಟ, ಇಲ್ಲವೇ ಮಣ್ಣಿನ ತರಗತಿ. ನಾಟಕವಾದರೆ ವಯಸ್ಸಿನ ಮಿತಿಯನ್ನು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ, ಬಾಗಿಲ ಬಳಿ ಗೊತ್ತಾದರೆ ಒಬ್ಬರು ಮಗುವಿನೊಂದಿಗೆ ಹೊರಗೆ ಕೂರಬೇಕಾಗುತ್ತದೆ.

ಒಂದೇ ಶನಿವಾರ ಎರಡು ಒಳ್ಳೆಯವು ಬಂದು ಬಿದ್ದರೆ, ಮತ್ತೆ ಸಿಗದಿರುವುದರ ಕಡೆಗೆ ಹೋಗಿ. ಸಿನಿಮಾ ಮುಂದಿನ ವಾರವೂ ಇರುತ್ತದೆ, ಆಮೇಲೆ ಮನೆಗೇ ಬರುತ್ತದೆ. ನಾಟಕದ ತಂಡ ಎರಡು ತಿಂಗಳಿಗೆ ಇನ್ನೊಂದು ಪ್ರಯೋಗ ಹಾಕುತ್ತದೆ. ಆ ಗಾಯಕರು ಆ ಪಕ್ಕವಾದ್ಯದವರ ಜೊತೆ ಆ ಸಂಜೆ ಎತ್ತಿಕೊಳ್ಳುವ ರಾಗ ಇನ್ನೊಂದು ದಿನ ಹಾಗೆಯೇ ಬರುವುದಿಲ್ಲ, ಹಾಗಾಗಿ ಐದಕ್ಕೆ ಇಡ್ಲಿ ತಿಂದು ಅಲ್ಲಿಗೇ ಹೊರಡಿ.